ಮೂರು ಕಿರೀಟದ ಹುಡುಗರ ಹಿಂದೆ: ಗೋಥೆನ್‌ಬರ್ಗ್‌ನಲ್ಲಿ ಹೊಸ ವರ್ಷ

ಡಿಸೆಂಬರ್ 28: ಮಧ್ಯಾಹ್ನಕ್ಕೇ ಕತ್ತಲು

ಜರ್ಸಿಯ ಎದೆ ಮೇಲೆ ಮೂರು ಕಿರೀಟ ಇರೋ ಸ್ವೀಡನ್ನಿನ ಜೂನಿಯರ್ ಐಸ್ ಹಾಕಿ ತಂಡವನ್ನು ಬಹಳ ವರ್ಷಗಳಿಂದ ಟಿವಿಯಲ್ಲಿ ನೋಡಿಕೊಂಡು ಬಂದವನು ನಾನು. ಈ ತಂಡದ್ದು ವಿಚಿತ್ರ ಸಂಕಟ. ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ 2007ರಿಂದ 2020ರ ಡಿಸೆಂಬರ್‌ವರೆಗೆ ಗುಂಪು ಹಂತದ 54 ಪಂದ್ಯಗಳನ್ನು ಒಂದಾದ ಮೇಲೊಂದು ಗೆದ್ದರು. ಒಂದನ್ನೂ ಸೋಲಲಿಲ್ಲ. ಆದರೆ ಅಷ್ಟೂ ವರ್ಷಗಳಲ್ಲಿ ಚಿನ್ನ ಸಿಕ್ಕಿದ್ದು ಒಂದೇ ಸಲ, 2012ರಲ್ಲಿ. ಅದಕ್ಕೂ ಹಿಂದಿನ ಚಿನ್ನ 1981ರದ್ದು. 2014ರಲ್ಲಿ ತಮ್ಮದೇ ಮಾಲ್ಮೊ ಊರಿನಲ್ಲಿ ಫೈನಲ್‌ವರೆಗೆ ಬಂದು, ಓವರ್‌ಟೈಮ್‌ನಲ್ಲಿ, ಅಂದರೆ ಮೊದಲು ಗೋಲು ಹೊಡೆದವರು ಗೆಲ್ಲೋ ಹೆಚ್ಚುವರಿ ಆಟದಲ್ಲಿ, ಫಿನ್ಲೆಂಡ್‌ಗೆ ಸೋತರು. ಮೊದಲಿಗೆ ಗೆಲ್ಲೋದು, ಕೊನೆಗೆ ಕೈಚೆಲ್ಲೋದು. ಇಪ್ಪತ್ತು ತುಂಬದ ಹುಡುಗರು ಇಂಥ ಇತಿಹಾಸವನ್ನು ಹೆಗಲ ಮೇಲೆ ಹೊತ್ತು ಹೇಗೆ ಆಡ್ತಾರೆ ಅಂತ ಹತ್ತಿರದಿಂದ ನೋಡಬೇಕು ಅನ್ನೋ ಆಸೆ ಇತ್ತು. 2024ರ ಚಾಂಪಿಯನ್‌ಷಿಪ್ ಮತ್ತೆ ಸ್ವೀಡನ್ನಿನಲ್ಲೇ, ಗೋಥೆನ್‌ಬರ್ಗ್‌ನಲ್ಲಿ ಅಂತ ಗೊತ್ತಾದಾಗ ಹೊರಟೇಬಿಟ್ಟೆ. ಅಕ್ಕನ ಮಗ ಅಲ್ಲೇ ಓದ್ತಾ ಇದ್ದಾನೆ. ಉಳಿಯೋ ಚಿಂತೆ ಇರಲಿಲ್ಲ.

ವಿಮಾನ ನಿಲ್ದಾಣ ಊರಿನಿಂದ ಸ್ವಲ್ಪ ದೂರ. ಬಸ್ಸು ಹತ್ತಿದರೆ ಅರ್ಧ ಗಂಟೆ. ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗಿ, ಕಿಟಕಿಯಾಚೆ ಕಾಣ್ತಾ ಇದ್ದದ್ದು ಬರೀ ಕಪ್ಪು ಕಾಡು, ನಡುನಡುವೆ ಮನೆಗಳ ಕಿಟಕಿಯಲ್ಲಿಟ್ಟ ಸಣ್ಣ ದೀಪ. ಈ ನಾಡಿನವರು ಚಳಿಗಾಲದಲ್ಲಿ ಪ್ರತಿ ಕಿಟಕಿಗೂ ಒಂದು ದೀಪ ಇಡ್ತಾರೆ. ಇಡೀ ಬೀದಿ ಹಾಗೆ ಬೆಳಗಿದ್ದು ನೋಡಿದರೆ ಆ ಕತ್ತಲು ಅಷ್ಟೊಂದು ಭಾರ ಅನ್ನಿಸೋದಿಲ್ಲ.

ಕೋರ್ಸ್‌ವೇಗನ್ ಅನ್ನೋ ಟ್ರಾಮ್ ಕೂಡುದಾಣದಲ್ಲಿ ಇಳಿದಾಗ ಅಕ್ಕನ ಮಗ ಕಾಯ್ತಾ ನಿಂತಿದ್ದ. "ಮಾಮ, ಮೊದಲು ಆ ಕಡೆ ನೋಡಿ" ಅಂದ. ಒಂದು ಕಡೆ ಲಿಸೆಬರ್ಗ್ ಮನರಂಜನಾ ಪಾರ್ಕಿನ ಲಕ್ಷಾಂತರ ದೀಪ. ಅದರಿಂದ ನಡೆದು ಹೋಗೋ ದೂರದಲ್ಲೇ ಸ್ಕ್ಯಾಂಡಿನೇವಿಯಂ. 1971ರಲ್ಲಿ ಕಟ್ಟಿದ ಕ್ರೀಡಾಂಗಣ, ಚಾವಣಿ ಕುದುರೆ ಜೀನಿನ ಹಾಗೆ ನಡುವೆ ತಗ್ಗಿ ಎರಡು ಬದಿ ಮೇಲೆದ್ದಿದೆ. ಹನ್ನೆರಡು ಸಾವಿರ ಜನ ಹಿಡಿಸುತ್ತೆ. ಊರಿನ ನಟ್ಟನಡುವೆ ಇರೋದರಿಂದ ಆಟ ಮುಗಿದ ಮೇಲೆ ವಾಹನಕ್ಕೆ ಪರದಾಡೋ ಗೋಳಿಲ್ಲ. ಹೋಗೋರಿದ್ದರೆ ಕೋರ್ಸ್‌ವೇಗನ್ ಸುತ್ತಮುತ್ತ ಎಲ್ಲಾದರೂ ಕೋಣೆ ಹಿಡಿಯಿರಿ, ಉಳಿದದ್ದೆಲ್ಲ ಸಲೀಸು.

ಡಿಸೆಂಬರ್ 29: ಕೆನಡಾ ಎದುರು

ಬೆಳಗ್ಗೆ ಒಂಬತ್ತರ ಹತ್ತಿರಕ್ಕೆ ಬೆಳಕಾಯಿತು. ಮೋಡ, ಒದ್ದೆ ಗಾಳಿ, ಸಮುದ್ರದ ಕಡೆಯಿಂದ ಬರೋ ಉಪ್ಪಿನ ವಾಸನೆ. ಇಲ್ಲಿಯ ಚಳಿ ಮೂಳೆಗೆ ಇಳಿಯೋದು ಈ ಒದ್ದೆಗಾಳಿಯಿಂದಲೇ. ದಪ್ಪ ಕೋಟಿಗಿಂತ ಗಾಳಿ ತಡೆಯೋ ತೆಳು ಜಾಕೆಟ್ ಒಳ್ಳೇದು, ಒಳಗೆ ಉಣ್ಣೆಯದ್ದು ಏನಾದರೂ ಹಾಕಿಕೊಂಡರಾಯಿತು. ಕ್ರೀಡಾಂಗಣದ ಒಳಗೆ ಹೇಗೂ ಬೆಚ್ಚಗಿರುತ್ತೆ. ಹನ್ನೆರಡು ಸಾವಿರ ಜನರ ಉಸಿರಿನ ಕಾವು ಕಡಿಮೆಯದಲ್ಲ.

ಆಟಕ್ಕೆ ಮೊದಲು ಅಕ್ಕನ ಮಗ ಒಂದು ಗೂಡಂಗಡಿಗೆ ಕರ್ಕೊಂಡು ಹೋದ. ಈ ಊರಿನ ತಿಂಡಿ 'ಹಾಲ್ವ್ ಸ್ಪೆಷಲ್'. ಉದ್ದನೆ ಬನ್ನು, ಅದರಲ್ಲಿ ಒಂದು ಸಾಸೇಜು, ಅದರ ಮೇಲೆ ಒಂದು ದೊಡ್ಡ ಮುದ್ದೆ ಆಲೂಗಡ್ಡೆ ಪಲ್ಯ. ಪಲ್ಯ ಅಂದರೆ ಒಗ್ಗರಣೆಯದ್ದಲ್ಲ, ಬೆಣ್ಣೆ ಹಾಲು ಹಾಕಿ ನುಣ್ಣಗೆ ಮಸೆದದ್ದು. ಎರಡು ಸಾಸೇಜು ಬೇಕಿದ್ದರೆ 'ಹೇಲ್ ಸ್ಪೆಷಲ್' ಅನ್ನಬೇಕು. ನಿಂತುಕೊಂಡೇ, ಕೈಗವಸು ತೆಗೆದು, ಬಿಸಿಬಿಸಿ ಹಬೆ ಮುಖಕ್ಕೆ ಹೊಡೀತಾ ಇದ್ದಂತೆ ತಿಂದದ್ದು ಈಗಲೂ ನಾಲಿಗೆ ಮೇಲಿದೆ. ದುಡ್ಡು ಕಾರ್ಡಿನಲ್ಲೇ ಕೊಡಬೇಕು. ಈ ದೇಶದಲ್ಲಿ ನೋಟು ತೆಗೆದರೆ ಅಂಗಡಿಯವರೇ ಗಲಿಬಿಲಿ ಆಗ್ತಾರೆ. ಇಲ್ಲಿಯ ಹಣ ಕ್ರೋನ, ಅದನ್ನು ಬದಲಾಯಿಸಿಕೊಳ್ಳೋ ಗೋಜಿಗೇ ಹೋಗಬೇಡಿ.

ಒಳಗೆ ಒಂದು ಭಾಗ ಪೂರ್ತಿ ಕೆಂಪು. ಕೆನಡಾದವರು ಎಲ್ಲೆಲ್ಲಿಂದಲೋ ಬಂದು ಕೂತಿದ್ದರು. ಅವರಿಗೆ ಜೂನಿಯರ್ ಹಾಕಿ ಅಂದರೆ ಕ್ರಿಸ್‌ಮಸ್‌ನ ಒಂದು ಭಾಗ. ಹಿಂದಿನ ಎರಡು ಚಿನ್ನವೂ ಅವರದ್ದೇ. ಉಳಿದದ್ದೆಲ್ಲ ಹಳದಿ.

ನನ್ನ ಪಕ್ಕದಲ್ಲಿ ಅರವತ್ತೈದು ದಾಟಿದ ಒಬ್ಬ ಅಜ್ಜಿ, ಜೊತೆಗೆ ಹತ್ತು ವರ್ಷದ ಮೊಮ್ಮಗಳು. ಮಂಜಿನ ಮೇಲೆ ಹುಡುಗರು ಸುತ್ತು ಹೊಡೀತಾ ಇದ್ದಾಗ ಮೊಮ್ಮಗಳು ಒಬ್ಬೊಬ್ಬರ ಹೆಸರನ್ನೂ ಹೇಳ್ತಾ ಇದ್ದಳು. ಕೆನಡಾ ಕಡೆ ಒಬ್ಬ ಹುಡುಗನ ಮುಖಕ್ಕೆ ಪೂರ್ತಿ ರಕ್ಷಾಕವಚ. ಬೇರೆಯವರಿಗೆ ಬರೀ ಅರ್ಧ ಗಾಜು. "ಹದಿನೆಂಟು ಆಗದವರು ಮುಖ ಪೂರ್ತಿ ಮುಚ್ಚಿಕೊಳ್ಳಲೇಬೇಕು. ಅವನು ಸೆಲೆಬ್ರಿನಿ, ಹದಿನೇಳು ವರ್ಷ" ಅಂತ ಅವಳೇ ಹೇಳಿದಳು. ಎಲ್ಲರ ಕೊರಳಿಗೂ ಕಪ್ಪು ಪಟ್ಟಿ. ಸ್ಕೇಟಿನ ಅಲಗು ತಾಗದಿರಲಿ ಅಂತ ಜೂನಿಯರ್‌ಗಳಿಗೆ ಅದು ಕಡ್ಡಾಯ. ಎರಡೇ ತಿಂಗಳ ಹಿಂದೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಅನ್ನೋ ಆಟಗಾರ ಕುತ್ತಿಗೆಗೆ ಅಲಗು ತಗುಲಿ ತೀರಿಕೊಂಡಿದ್ದ. ಹಾಗಾಗಿ ಆ ಪಟ್ಟಿ ನೋಡಿದಾಗೆಲ್ಲ ನನಗೆ ಎದೆ ಒಂದು ಕ್ಷಣ ಹಿಡಿದ ಹಾಗಾಗ್ತಾ ಇತ್ತು.

ಸ್ವೀಡನ್ನಿನ ಗೋಲಿ, ಅಂದರೆ ಗೋಲು ಕಾಯೋ ಹುಡುಗ, ಹೂಗೊ ಹೇವೆಲಿಡ್. ಇವತ್ತಿನ ಗೋಲಿಗಳೆಲ್ಲ ಆರಡಿ ಮೂರಂಗುಲ, ನಾಲ್ಕಂಗುಲ. ಈ ಹುಡುಗ ಆರಡಿಯೂ ಇಲ್ಲ. ಅಷ್ಟು ದೊಡ್ಡ ಪ್ಯಾಡುಗಳ ನಡುವೆ ಪುಟ್ಟದಾಗಿ ಕಾಣ್ತಾನೆ. ಆದರೆ ಚುರುಕು ಎಂಥದ್ದು ಅಂತೀರಿ! ಪಕ್ (ಆಟದ ಚಪ್ಪಟೆ ರಬ್ಬರ್ ಬಿಲ್ಲೆ) ಹೊಡೆಯೋ ಮೊದಲೇ ಅವನ ಮೊಣಕಾಲು ಎತ್ತ ಬೀಳಬೇಕೋ ಅತ್ತ ಬಿದ್ದಿರುತ್ತೆ. ಅವನ ಅವಳಿ ತಮ್ಮನೋ ಅಣ್ಣನೋ, ಮತ್ತಿಯಾಸ್, ಅದೇ ತಂಡದ ಡಿಫೆಂಡರ್. ಅಪ್ಪ ನಿಕ್ಲಾಸ್ ಹೇವೆಲಿಡ್ 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ವೀಡನ್ ತಂಡದಲ್ಲಿದ್ದವರು. "ಅಪ್ಪನ ಆಟ ನಾನು ನೋಡಿದ್ದೆ, ಮಕ್ಕಳ ಆಟ ಇವಳು ನೋಡ್ತಾ ಇದ್ದಾಳೆ" ಅಂದರು ಅಜ್ಜಿ.

ಸ್ವೀಡನ್ 2–0. ಅದಕ್ಕೆ ಮೊದಲು ಲಾಟ್ವಿಯಾ ಮೇಲೆ 6–0, ಜರ್ಮನಿ ಮೇಲೆ 5–0. ಇಲ್ಲಿಯವರೆಗೆ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ.

ಗೆದ್ದದ್ದಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಆಮೇಲಿನ ಐದು ನಿಮಿಷ. ಈ ಚಾಂಪಿಯನ್‌ಷಿಪ್‌ನಲ್ಲಿ ಪ್ರತಿ ಪಂದ್ಯ ಮುಗಿದ ಮೇಲೂ ಎರಡೂ ತಂಡ ಸಾಲಾಗಿ ನಿಲ್ಲಬೇಕು. ಗೆದ್ದವರ ರಾಷ್ಟ್ರಗೀತೆ ನುಡಿಸ್ತಾರೆ. ಸೋತವರೂ ಹೆಲ್ಮೆಟ್ ತೆಗೆದು, ಅದು ಮುಗಿಯೋವರೆಗೂ ನಿಂತು ಕೇಳಬೇಕು. ಟಿವಿಯಲ್ಲಿ ಆ ಹೊತ್ತಿಗೆ ಗೆದ್ದವರ ಮುಖಗಳನ್ನೇ ತೋರಿಸ್ತಾರೆ. ಅಲ್ಲಿ ಕೂತಿದ್ದಾಗ ನಾನು ಸೋತ ಸಾಲನ್ನೇ ನೋಡಿದೆ. ಒದ್ದೆ ಕೂದಲು, ಕೆಂಪಾದ ಕೆನ್ನೆ. ಒಬ್ಬ ಸ್ಟಿಕ್‌ನ ತುದಿಯಿಂದ ಮಂಜಿನ ಪುಡಿಯನ್ನು ಗೆರೆ ಎಳೆದು ಎಳೆದು ಒಟ್ಟು ಮಾಡ್ತಾ ಇದ್ದ. ಹೆಲ್ಮೆಟ್ ತೆಗೆದಾಗಲೇ ಗೊತ್ತಾಗೋದು, ಎಷ್ಟು ಎಳೆಯ ಮುಖಗಳು ಇವು ಅಂತ. ಆವತ್ತಿನಿಂದ ಕೊನೆಯವರೆಗೂ ಪ್ರತಿ ಪಂದ್ಯದ ನಂತರ ಆ ಸಾಲನ್ನು ನೋಡದೆ ಎದ್ದು ಬರಲಿಲ್ಲ.

ಡಿಸೆಂಬರ್ 31: ಫಿನ್ಲೆಂಡ್, ಆಮೇಲೆ ಪಟಾಕಿ

ಬೆಳಗ್ಗೆ ಹಾಗಾ ಬೀದಿಯಲ್ಲಿ ಸುತ್ತಾಟ. ಹಳೇ ಕಾಲದ ಮನೆಗಳು, ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನ ಎರಡು ಮರದವು. ಬೀದಿಗೆ ಹಾಸಿದ ಕಲ್ಲು ಮಂಜಿಗೆ ಜಾರ್ತಾ ಇತ್ತು. ಇಲ್ಲಿಯ ಕೆಫೆಗಳಲ್ಲಿ ಊಟದ ತಟ್ಟೆಯಷ್ಟು ಅಗಲದ ದಾಲ್ಚಿನ್ನಿ ಬನ್ನು ಸಿಗುತ್ತೆ. ಒಬ್ಬರು ಒಂದು ತಿಂದು ಮುಗಿಸೋದು ಕಷ್ಟ, ಇಬ್ಬರಿಗೆ ಒಂದು ಹೇಳಿ. ಬನ್ನಿನ ಹೊರಸುತ್ತು ಗರಿಗರಿ, ಒಳಸುತ್ತು ಬೆಣ್ಣೆ ಸಕ್ಕರೆಯಲ್ಲಿ ನೆಂದು ಮೆತ್ತಗೆ. ಹೊರಗಿನಿಂದ ಬಿಚ್ಚಿಕೊಂಡು ತಿಂತಾ ಹೋಗಿ, ನಡುವಿನ ತುಂಡನ್ನು ಕೊನೆಗೆ ಇಟ್ಟುಕೊಳ್ಳೋದು ಜಾಣತನ.

ಫಿನ್ಲೆಂಡ್ ಜೊತೆಗಿನ ಆಟ ಬೇರೆ ಜಾತಿಯದ್ದು. ಪಕ್ಕದ ಮನೆಯವರ ಜೊತೆ ಆಡಿದಾಗ ಹಾಗೇ ಅಲ್ವಾ? ತುಂಬಿದ ಕ್ರೀಡಾಂಗಣದಲ್ಲಿ 'ಹೇಯಾ ಸ್ವೇರಿಯೆ' (ನುಗ್ಗು ಸ್ವೀಡನ್) ಕೂಗು ನಿಲ್ಲಲೇ ಇಲ್ಲ. ಮೂರು ಪಂದ್ಯದಿಂದ ಗಟ್ಟಿಯಾಗಿದ್ದ ಬಾಗಿಲು ಆವತ್ತು ತೆರೆದುಕೊಂಡಿತು. ನಾಲ್ಕು ಹೊಡೆದರು, ನಾಲ್ಕು ಬಿಟ್ಟುಕೊಟ್ಟರು. ಓವರ್‌ಟೈಮ್‌ನಲ್ಲಿ ಎರಡೂ ಕಡೆ ಮೂರು ಮೂರೇ ಜನ. ಅಷ್ಟು ಅಗಲದ ಮಂಜಿನ ಮೇಲೆ ಆರೇ ಜನ ಓಡಾಡುವಾಗ ಎಲ್ಲ ಕಡೆ ಬಯಲೇ ಬಯಲು, ಒಂದು ತಪ್ಪು ಹೆಜ್ಜೆ ಸಾಕು. ಅಲ್ಲೂ ತೀರ್ಮಾನ ಆಗದೆ ಶೂಟೌಟ್, ಒಬ್ಬೊಬ್ಬನೇ ಹೋಗಿ ಗೋಲಿ ಎದುರು ಹೊಡೆಯೋದು. ಫಿನ್ಲೆಂಡ್ 5–4.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ನಡುವಯಸ್ಸಿನವರು, ಕೊರಳಿಗೆ ಹಳೇ ಮಾಸಿದ ಶಾಲು. "ಒಳ್ಳೇದೇ ಆಯ್ತು" ಅಂದರು. ನಾನು ತಿರುಗಿ ನೋಡಿದೆ. "ಎಲ್ಲ ಗೆದ್ದುಕೊಂಡು ಹೋದಾಗ ಏನಾಗುತ್ತೆ ಅಂತ ನಮಗೆ ಗೊತ್ತು. ಈ ಸಲ ಸೋಲಿನ ರುಚಿ ಮೊದಲೇ ನೋಡಿದ್ದಾರೆ." ಅವರ ದನಿಯಲ್ಲಿ ತಮಾಷೆ ಇರಲಿಲ್ಲ. 54 ಗೆಲುವಿನ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೀಗೆ ಸೋತರೂ ಗುಂಪಿನಲ್ಲಿ ಮೊದಲ ಸ್ಥಾನ ಸ್ವೀಡನ್ನಿಗೇ ಉಳಿಯಿತು. ಶೂಟೌಟ್‌ನಲ್ಲಿ ಸೋತವರಿಗೂ ಒಂದು ಅಂಕ ಇರುತ್ತೆ.

ರಾತ್ರಿ ಹಾಗಾದ ಹಿಂದಿನ ಗುಡ್ಡ ಹತ್ತಿದೆವು. ತುದಿಯಲ್ಲಿ ಸ್ಕಾನ್ಸೆನ್ ಕ್ರೋನನ್ ಅನ್ನೋ ಹಳೇ ಕೋಟೆ ಬುರುಜು, ನೆತ್ತಿಯ ಮೇಲೆ ಚಿನ್ನದ ಬಣ್ಣದ ಕಿರೀಟ. ಮೆಟ್ಟಿಲು ಜಾಸ್ತಿ, ಜಾರೋ ಮಂಜು ಬೇರೆ. ಕೈಗಂಬಿ ಬಿಡದೆ ಹತ್ತಿ. ಮೇಲೆ ನೂರಾರು ಜನ ಸೇರಿದ್ದರು. ಹನ್ನೆರಡು ಹೊಡೆದಾಗ ಇಡೀ ಊರಿನ ಸುತ್ತ, ನದಿಯಾಚೆ, ಬಂದರಿನ ಕಡೆ, ಎಲ್ಲ ದಿಕ್ಕಿನಿಂದಲೂ ಬಾಣ ಬಿರುಸು. ಗಾಳಿಗೆ ಮದ್ದಿನ ಹೊಗೆ ನಮ್ಮ ಕಡೆಗೇ ಬಂದು ಅರ್ಧ ಗಂಟೆಯಲ್ಲಿ ಎದುರಿನವರ ಮುಖ ಕಾಣದ ಹಾಗಾಯಿತು. ಇಳಿಯೋ ಗದ್ದಲದಲ್ಲಿ ಅಕ್ಕನ ಮಗನ ಒಂದು ಕೈಗವಸು ಎಲ್ಲೋ ಬಿತ್ತು. ಉಳಿದ ರಾತ್ರಿ ಒಂದೇ ಗವಸನ್ನು ಕೈ ಬದಲಿಸಿ ಬದಲಿಸಿ ಹಾಕಿಕೊಂಡ.

ಜನವರಿ 1: ದ್ವೀಪಕ್ಕೆ

ವರ್ಷದ ಮೊದಲ ದಿನ ಊರು ಮಲಗಿರುತ್ತೆ. ಅಂಗಡಿಗಳೆಲ್ಲ ಬಾಗಿಲು ಹಾಕಿರ್ತವೆ. ಹಾಗಾಗಿ 11ನೇ ನಂಬರಿನ ಟ್ರಾಮ್ ಹತ್ತಿ ಕೊನೆಯ ನಿಲ್ದಾಣ ಸಾಲ್ಟ್‌ಹೋಲ್ಮನ್‌ಗೆ ಹೋದೆವು. ಅಲ್ಲಿಂದ ದೋಣಿ. ಟ್ರಾಮ್‌ಗೆ ಕೊಂಡ ಟಿಕೆಟ್ಟೇ ದೋಣಿಗೂ ನಡೆಯುತ್ತೆ. ಇಂಥ ಒಂದು ಸಮುದ್ರಯಾನ ಇಷ್ಟು ಸುಲಭಕ್ಕೆ ಬೇರೆಲ್ಲೂ ಸಿಗಲಾರದು.

ಇಳಿದದ್ದು ಸ್ಟಿರ್ಸೊ ದ್ವೀಪದಲ್ಲಿ. ಈ ದಕ್ಷಿಣದ ದ್ವೀಪಗಳಲ್ಲಿ ಕಾರಿಲ್ಲ. ಜನ ಮುಂದೆ ಸಾಮಾನಿನ ತೊಟ್ಟಿ ಇರೋ ಮೊಪೆಡ್‌ನಲ್ಲಿ ಓಡಾಡ್ತಾರೆ. ಮರ ಕಡಿಮೆ, ಎಲ್ಲೆಲ್ಲೂ ಬೋಳು ಬಂಡೆ. ಹಿಮಯುಗದ ನೀರ್ಗಲ್ಲು ಉಜ್ಜಿ ಉಜ್ಜಿ ನುಣುಪಾದ ಬಂಡೆಗಳು. ಅದರ ಮೇಲೆ ಕೂತು ಕಡಲು ನೋಡಬಹುದು. ಆದರೆ ಐದು ನಿಮಿಷ ಅಷ್ಟೇ, ಆಮೇಲೆ ಗಾಳಿ ಎಬ್ಬಿಸುತ್ತೆ.

ಹಡಗುಕಟ್ಟೆಯ ಹತ್ತಿರ ಒಬ್ಬ ಮುದುಕರು ದೋಣಿಯ ಹೊದಿಕೆ ಬಿಗೀತಾ ಇದ್ದರು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಅಂತ ವಿಚಾರಿಸಿದರು. ಹಾಕಿ ನೋಡೋಕೆ ಅಂದದ್ದಕ್ಕೆ ಕೆಲಸ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಒಟ್ಟೊ ಸ್ಟೆನ್‌ಬರ್ಗ್ ನೋಡಿದಿರಾ? ನಮ್ಮ ಕಡೆಯ ಹುಡುಗ. ಇಲ್ಲೇ ಉತ್ತರಕ್ಕೆ, ಸ್ಟೆನುಂಗ್‌ಸುಂಡ್‌ನವನು. ಫ್ರೊಲುಂಡಾ ಕ್ಲಬ್ಬಿನಲ್ಲಿ ಬೆಳೆದವನು." ಅವರು ಕ್ರೀಡಾಂಗಣಕ್ಕೆ ಹೋಗೋದಿಲ್ಲವಂತೆ, ಅಷ್ಟು ಗಲಾಟೆ ಈಗ ಆಗೋದಿಲ್ಲ. ರೇಡಿಯೊದಲ್ಲೇ ಕೇಳೋದು. ರೇಡಿಯೊದಲ್ಲಿ ಪಕ್ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಅಕ್ಕನ ಮಗ ಕೇಳಿದ. "ಜನರ ಸದ್ದಿನಲ್ಲಿ ಗೊತ್ತಾಗುತ್ತೆ" ಅಂದರು.

ಮರಳಿ ಬಂದಾಗ ಪಕ್ಕದ ಮನೆಯವರು ಊಟಕ್ಕೆ ಕರೆದರು. ಈ ಕರಾವಳಿಯಲ್ಲಿ ಹೊಸ ವರ್ಷಕ್ಕೆ ಸಿಗಡಿ ಇರಲೇಬೇಕು. ಮೇಜಿನ ನಡುವೆ ಒಂದು ಬೋಗುಣಿ ತುಂಬ ಚಿಪ್ಪಿನ ಸಮೇತ ಬೇಯಿಸಿ ಆರಿಸಿದ ಸಿಗಡಿ, ಬ್ರೆಡ್ಡು, ಮೊಟ್ಟೆ, ಸಬ್ಬಸಿಗೆ ಸೊಪ್ಪು, ನಿಂಬೆ. ತಾವೇ ಸುಲಿದುಕೊಂಡು ಬ್ರೆಡ್ಡಿನ ಮೇಲೆ ಪೇರಿಸಿಕೊಂಡು ತಿನ್ನೋದು. ಸುಲಿಯೋದು ನಿಧಾನದ ಕೆಲಸವಾದ್ದರಿಂದ ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತೆ. ಮಾತೆಲ್ಲ ಮರುದಿನದ ಸ್ವಿಟ್ಜರ್ಲೆಂಡ್ ಪಂದ್ಯದ್ದೇ. ಯಾರೂ ಸುಲಭದ ಪಂದ್ಯ ಅನ್ನಲಿಲ್ಲ.

ಜನವರಿ 2: ಕ್ವಾರ್ಟರ್ ಫೈನಲ್

ಸುಲಭದ್ದೂ ಆಗಿರಲಿಲ್ಲ. ತನ್ನ ಗುಂಪಿನ ನಾಲ್ಕನೇ ಸ್ಥಾನದಿಂದ ಬಂದಿದ್ದ ಸ್ವಿಟ್ಜರ್ಲೆಂಡ್ ಮೈಯೆಲ್ಲ ಗೋಡೆ ಮಾಡಿಕೊಂಡು ನಿಂತಿತು. ಹೊಡೆದ ಪಕ್‌ಗೆಲ್ಲ ಯಾರದೋ ಕಾಲು, ಯಾರದೋ ಎದೆ ಅಡ್ಡ. ಅರವತ್ತು ನಿಮಿಷಕ್ಕೆ 2–2.

ನಾಕೌಟ್‌ನಲ್ಲಿ ಸೋತರೆ ಮನೆಗೆ. ಓವರ್‌ಟೈಮ್ ಶುರುವಾಗೋ ಮೊದಲು ಮಂಜು ನೀವುವ ಗಾಡಿ ಸುತ್ತು ಹೊಡೀತಾ ಇದ್ದಾಗ ಆ ಕ್ರೀಡಾಂಗಣದಲ್ಲಿದ್ದ ಮೌನ ನಾನು ಮರೆಯಲಾರೆ. ಹಳೇ ಶಾಲಿನ ಆ ಮನುಷ್ಯ ಆವತ್ತೂ ಸ್ವಲ್ಪ ದೂರದಲ್ಲಿದ್ದರು. ಎರಡೂ ಕೈಯಲ್ಲಿ ಶಾಲಿನ ತುದಿ ಸುತ್ತಿಕೊಂಡು ನೆಲ ನೋಡ್ತಾ ಇದ್ದರು. ಅವರ ಮನಸ್ಸಿನಲ್ಲಿ ಏನು ಓಡ್ತಾ ಇತ್ತು ಅಂತ ಕೇಳಬೇಕಾಗಿಯೇ ಇರಲಿಲ್ಲ.

ಗೋಲು ಬಂದದ್ದು ಒಬ್ಬ ಡಿಫೆಂಡರ್‌ನಿಂದ. ಆಕ್ಸೆಲ್ ಸಾಂಡಿನ್ ಪೆಲಿಕ್ಕಾ, ಹದಿನೆಂಟು ವರ್ಷ. ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿರೋ ಯೆಲ್ಲಿವಾರೆ ಅನ್ನೋ ಗಣಿ ಊರಿನ ಹುಡುಗ. ಡಿಫೆಂಡರ್ ಅಂದರೆ ಹಿಂದೆ ನಿಂತು ಕಾಯೋನು ಅನ್ನೋ ಲೆಕ್ಕ ಅವನ ಹತ್ತಿರ ನಡೆಯೋದಿಲ್ಲ. ಪಕ್ ಸಿಕ್ಕಿದ ಕೂಡಲೇ ತಲೆ ಎತ್ತಿ ಮುಂದೆ ಹೊರಟುಬಿಡ್ತಾನೆ, ಎದುರಿನವನ ಹತ್ತಿರ ಹೋಗಿ ಅರೆಕ್ಷಣ ತಡೆದು, ಅವನು ಬಾಗಿದ ಮೇಲೆ ಪಕ್ಕಕ್ಕೆ ಜಾರ್ತಾನೆ. 3–2. ಹುಡುಗರೆಲ್ಲ ಅವನ ಮೇಲೆ ಬಿದ್ದು ಗುಡ್ಡೆಯಾದರು. ಅಜ್ಜಿಯಂಥವರು, ಅಪ್ಪಂದಿರು, ಗುರುತಿಲ್ಲದವರೆಲ್ಲ ತಬ್ಬಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಸಾಲು. ಸ್ವಿಸ್ ಹುಡುಗರು ಮಂಜಿನ ಮೇಲೆ ಮೊಣಕಾಲೂರಿದ್ದರು. ಎದ್ದು ಬಂದು ನಿಂತುಕೊಳ್ಳೋಕೆ ಹೊತ್ತು ಹಿಡಿಯಿತು. ಅವರಿಗೆ ಇಡೀ ಕ್ರೀಡಾಂಗಣ ಎದ್ದು ಚಪ್ಪಾಳೆ ಹೊಡೆಯಿತು.

ಅದೇ ದಿನ ಕೆನಡಾ ಮನೆಗೆ ಹೋಯಿತು. ಚೆಕ್ ತಂಡ 3–2ರಲ್ಲಿ ಗೆದ್ದಿತ್ತು. ಕೊನೆಯ ಗೋಲು ಬಂದದ್ದು ಇನ್ನು ಹನ್ನೊಂದು ಸೆಕೆಂಡು ಇದ್ದಾಗ. ಯಾಕುಬ್ ಸ್ಟಾಂಕ್ಲ್ ಹೊಡೆದ ಪಕ್ ಒಬ್ಬ ಕೆನಡಾ ಡಿಫೆಂಡರ್‌ಗೆ ತಾಗಿ ತಿರುಗಿ ಒಳಗೆ ಹೋಯಿತು. ರಾತ್ರಿ ಊಟ ಮಾಡ್ತಾ ಅಕ್ಕನ ಮಗನ ಫೋನಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿದೆವು. ಆ ಡಿಫೆಂಡರ್ ಮಾಡಬೇಕಾದದ್ದನ್ನೇ ಮಾಡಿದ್ದ, ಗೋಲಿನ ದಾರಿಗೆ ಅಡ್ಡ ನಿಂತಿದ್ದ. ಆಟದಲ್ಲಿ ಇದಕ್ಕಿಂತ ಕಠಿಣವಾದದ್ದು ಏನಿದೆ? "ಇವನಿಗೆ ನನಗಿಂತ ಚಿಕ್ಕ ವಯಸ್ಸು, ಮಾಮ" ಅಂತ ಅಕ್ಕನ ಮಗ ಫೋನು ಕೆಳಗಿಟ್ಟ.

ಜನವರಿ 3: ಹಿಮ, ರುಡ್ಡಾಲೆನ್

ಪಂದ್ಯವಿಲ್ಲದ ದಿನ. ಚಳಿ ಏಕಾಏಕಿ ಇಳಿದಿತ್ತು. ಆವತ್ತು ದೇಶದ ಉತ್ತರದ ಕ್ವಿಕ್‌ಯೊಕ್ ಕಡೆ ಮೈನಸ್ 43.6 ಡಿಗ್ರಿ. 25 ವರ್ಷದಲ್ಲಿ ಸ್ವೀಡನ್ ಇಂಥ ಜನವರಿ ಚಳಿ ಕಂಡಿರಲಿಲ್ಲವಂತೆ. ದಕ್ಷಿಣದ ಸ್ಕೋನೆ ಭಾಗದಲ್ಲಿ ಹಿಮಗಾಳಿಗೆ ಹೆದ್ದಾರಿಯಲ್ಲಿ ಸಾವಿರಕ್ಕೂ ಹೆಚ್ಚು ವಾಹನ ಸಿಕ್ಕಿಕೊಂಡು, ಜನ ರಾತ್ರಿಯಿಡೀ ಕಾರಿನಲ್ಲೇ ಕಳೆದರು. ಗೋಥೆನ್‌ಬರ್ಗ್‌ನಲ್ಲಿ ಅಷ್ಟಿರಲಿಲ್ಲ. ಆದರೂ ಮೂಗಿನೊಳಗಿನ ಕೂದಲು ಗಟ್ಟಿಯಾಗೋ ಚಳಿ.

ರುಡ್ಡಾಲೆನ್ ಅನ್ನೋ ಜಾಗದಲ್ಲಿ ಬಯಲು ಸ್ಕೇಟಿಂಗ್ ಅಂಗಣ ಇದೆ, ಮಕ್ಕಳ ಆಟ ನೋಡಬಹುದು ಅಂತ ಹೊರಟೆವು. ಟ್ರಾಮ್ ಅರ್ಧ ದಾರಿಯಲ್ಲಿ ನಿಂತಿತು. ಹಳಿ ತಿರುವಿನಲ್ಲಿ ಹಿಮ ತುಂಬಿತ್ತು. ಚಾಲಕಿ ಕೆಳಗಿಳಿದು ಕಬ್ಬಿಣದ ಸಲಾಕೆಯಿಂದ ಅದನ್ನು ಕೆದಕಿ ತೆಗೆದರು. ಒಳಗಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ಅಷ್ಟು ಹೊತ್ತಿಗೆ ಆ ಚಳಿಗೆ ನನ್ನ ಫೋನು ಅರವತ್ತು ಪರ್ಸೆಂಟ್ ಇದ್ದದ್ದು ಒಂದೇ ಏಟಿಗೆ ಆರಿಹೋಯಿತು. ಚಳಿ ಊರಿಗೆ ಹೋಗೋರು ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗೋ ಹಾಗೆ ಇಟ್ಟುಕೊಳ್ಳಿ. ಪಂದ್ಯದ ಟಿಕೆಟ್ಟು, ಟ್ರಾಮ್ ಟಿಕೆಟ್ಟು ಎಲ್ಲ ಅದರಲ್ಲೇ ಇರುತ್ತೆ.

ರುಡ್ಡಾಲೆನ್‌ನಲ್ಲಿ ಬೆಂಚಿನ ಮೇಲೆ ಒಬ್ಬ ಅಮ್ಮ ಮಗನ ಸ್ಕೇಟ್ ದಾರ ಕಟ್ತಾ ಇದ್ದರು. ಹುಡುಗನಿಗೆ ಆರೇಳು ವರ್ಷ ಇರಬಹುದು. ಅವನ ಹಿಮ್ಮಡಿಯನ್ನು ತಮ್ಮ ತೊಡೆಯ ನಡುವೆ ಹಿಡಿದು, ಬೆರಳ ಕಡೆಯಿಂದ ಶುರುಮಾಡಿ ಒಂದೊಂದೇ ಅಡ್ಡದಾರವನ್ನು ಎಳೀತಾ ಬಂದರು. ಬೆರಳ ಮೇಲೆ ಸಡಿಲ, ಪಾದದ ಬಾಗಿನಲ್ಲಿ ಬಿಗಿ, ಕಣಕಾಲಿನ ಹತ್ತಿರ ಇನ್ನೂ ಬಿಗಿ, ಕೊನೆಯ ಎರಡು ತೂತಿಗೆ ಮತ್ತೆ ಸ್ವಲ್ಪ ಸಡಿಲ. ಇಲ್ಲದಿದ್ದರೆ ಮೊಣಕಾಲು ಬಾಗೋದಿಲ್ಲ. ದಾರ ಎಳೆದೆಳೆದು ಅವರ ತೋರುಬೆರಳಿನಲ್ಲಿ ಕೆಂಪು ಗೀರು ಮೂಡಿತ್ತು. ಎರಡು ಕಾಲು ಮುಗಿಯೋಕೆ ಹತ್ತು ನಿಮಿಷ ಬೇಕಾಯಿತು. ಹುಡುಗ ಎದ್ದವನೇ ಓಡಿಬಿಟ್ಟ.

"ವಾರದಲ್ಲಿ ನಾಲ್ಕು ಬೆಳಗ್ಗೆ ಹೀಗೇ" ಅಂದರು ಆಕೆ. ದೊಡ್ಡ ಮಗನೂ ಆಡ್ತಾನಂತೆ, ಹದಿನೈದು. ವಿಶ್ವ ಜೂನಿಯರ್‌ಗೆ ಬರ್ತಾನಾ ಅಂತ ಕೇಳಿದೆ. ನಕ್ಕು ತಲೆ ಅಲ್ಲಾಡಿಸಿದರು. "ಅವನ ವಯಸ್ಸಿನ ಸಾವಿರಾರು ಹುಡುಗರಲ್ಲಿ ಇಪ್ಪತ್ತೋ ಇಪ್ಪತ್ತೈದೋ ಜನ. ಬರೋದಿಲ್ಲ ಅಂತ ಅವನಿಗೂ ಗೊತ್ತು. ಆದರೆ ನಿನ್ನೆ ಗೋಲು ಬಿದ್ದಾಗ ಅವನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಮೇಲೆ ಬಂದರು."

ಜನವರಿ 4: ಸೆಮಿಫೈನಲ್

ಈ ದಿನದ ಬಗ್ಗೆ ಬರೆಯೋದು ಕಡಿಮೆ. ಚೆಕ್ ಹುಡುಗರು ಕೆನಡಾವನ್ನು ಸೋಲಿಸಿದ ಹುಮ್ಮಸ್ಸಿನಲ್ಲಿ ಬಂದಿದ್ದರು. ಆದರೂ ಸ್ವೀಡನ್ ಆವತ್ತು ಎಷ್ಟು ಹದವಾಗಿ ಆಡಿತು ಅಂದರೆ ನೋಡೋರಿಗೆ ಉಸಿರಾಡೋಕೆ ಜಾಗ ಸಿಕ್ಕಿತು. 5–2. ಯೊನಾಥನ್ ಲೆಕ್ಕೆರಿಮಾಕಿಯ ಹೊಡೆತ ನೋಡಬೇಕು ನೀವು. ಸ್ಟಿಕ್ ಹಿಂದಕ್ಕೆ ಎತ್ತೋದೇ ಇಲ್ಲ, ಮಣಿಕಟ್ಟು ಒಂದು ಸಲ ತಿರುಗಿದ್ದಷ್ಟೇ ಕಾಣೋದು.

ಇನ್ನೊಂದು ಸೆಮಿಫೈನಲ್‌ನಲ್ಲಿ ಅಮೆರಿಕ 3–2ರಲ್ಲಿ ಫಿನ್ಲೆಂಡನ್ನು ಸೋಲಿಸಿತು. ಎರಡು ಗುಂಪುಗಳ ಕೊನೆಯಲ್ಲುಳಿದ ತಂಡಗಳ ಪಂದ್ಯದಲ್ಲಿ ಜರ್ಮನಿಗೆ ಸೋತು ನಾರ್ವೆ ಕೆಳಗಿನ ದರ್ಜೆಗೆ ಇಳಿಯಿತು. ಒಂದು ಪಂದ್ಯ, ಅದರಲ್ಲಿ ಮುಂದಿನ ವರ್ಷದ ಹುಡುಗರ ಹಣೆಬರಹವೂ ಸೇರಿಕೊಂಡಿರುತ್ತೆ. ಟ್ರಾಮ್‌ನಲ್ಲಿ ಮೂವರು ನಾರ್ವೆಯವರು ಮುಖಕ್ಕೆ ಬಳಿದ ಬಾವುಟದ ಬಣ್ಣವನ್ನು ಟಿಶ್ಯೂನಿಂದ ಒರೆಸಿಕೊಳ್ತಾ ಕೂತಿದ್ದರು. ಎದುರಿನ ಸೀಟಿನಲ್ಲಿದ್ದ ಸ್ವೀಡನ್ನಿನ ಹೆಂಗಸು ಚೀಲದಿಂದ ಒದ್ದೆ ಟಿಶ್ಯೂ ತೆಗೆದು ಕೊಟ್ಟರು.

ಜನವರಿ 5: ಫೈನಲ್

ಮಧ್ಯಾಹ್ನ ಕಂಚಿನ ಪಂದ್ಯ. ಫಿನ್ಲೆಂಡ್ 5–2ರಲ್ಲಿ ಮುಂದಿತ್ತು. ಜನ ಕಾಫಿಗೆ ಏಳ್ತಾ ಇದ್ದರು. ಅಲ್ಲಿಂದ ಚೆಕ್ ಹುಡುಗರು ಒಂದಾದ ಮೇಲೊಂದು ಆರು ಗೋಲು ಹೊಡೆದು 8–5ರಲ್ಲಿ ಗೆದ್ದರು. ಕಂಚಿನ ಪಂದ್ಯಕ್ಕೆ ಟಿಕೆಟ್ ಸುಲಭವಾಗಿ ಸಿಗುತ್ತೆ, ದುಡ್ಡೂ ಕಡಿಮೆ. ಬಿಡಬೇಡಿ. ಕಳೆದುಕೊಳ್ಳೋದಕ್ಕೆ ಏನೂ ಉಳಿದಿಲ್ಲದ ಎರಡು ತಂಡ ಆಡೋ ಆಟ ಅದು.

ಸಂಜೆ ಕ್ರೀಡಾಂಗಣದ ಸುತ್ತ ಹಳದಿ ಹೊಳೆ. ಹನ್ನೆರಡು ವರ್ಷದಿಂದ ಕಾಯ್ತಾ ಇದ್ದ ಚಿನ್ನ, ಅದೂ ಮನೆಯಂಗಳದಲ್ಲಿ. ಅಮೆರಿಕ ಮಾತ್ರ ಬೇರೆಯದೇ ವೇಗದಲ್ಲಿ ಬಂದಿತ್ತು. ಐಸಾಕ್ ಹೊವರ್ಡ್ ಒಬ್ಬನೇ ಎರಡು ಗೋಲು. ಸ್ವೀಡನ್ ಹತ್ತಿರ ಹತ್ತಿರ ಬಂತು, ಪ್ರತಿ ಸಲವೂ ಅಮೆರಿಕದ ಹುಡುಗರು ಮತ್ತೆ ದೂರ ಸರಿದರು. ಮೂರನೇ ಅವಧಿಯಲ್ಲಿ ಆಟ ಕೈಬಿಟ್ಟು ಹೋಯಿತು. 6–2. ಅಮೆರಿಕಕ್ಕೆ ಆರನೇ ಚಿನ್ನ.

ಅಮೆರಿಕದ ಗೀತೆ ಶುರುವಾದಾಗ ನಾನು ಸ್ವೀಡನ್ ಸಾಲನ್ನೇ ನೋಡಿದೆ. ಹೇವೆಲಿಡ್ ಗೋಲಿಗಳ ಆ ಅಗಲ ಪ್ಯಾಡು ಹಾಕಿಕೊಂಡು ನೆಟ್ಟಗೆ ನಿಂತಿದ್ದ. ಜನ ಎದ್ದು ಹೋಗಲಿಲ್ಲ. ಗೀತೆ ಮುಗಿದದ್ದೇ, ಯಾರೋ ಮೇಲಿನ ಸಾಲಿನಿಂದ 'ಹೇಯಾ ಸ್ವೇರಿಯೆ' ಶುರು ಮಾಡಿದರು, ಇಡೀ ಕ್ರೀಡಾಂಗಣ ಸೇರಿಕೊಂಡಿತು. ಇಡೀ ಚಾಂಪಿಯನ್‌ಷಿಪ್‌ನ ಅತ್ಯುತ್ತಮ ಆಟಗಾರ ಅಂತ ಲೆಕ್ಕೆರಿಮಾಕಿಯ ಹೆಸರು ಕೂಗಿದರು. ಅತ್ಯುತ್ತಮ ಡಿಫೆಂಡರ್ ಸಾಂಡಿನ್ ಪೆಲಿಕ್ಕಾ. ಫೈನಲ್ ಸೋತ ರಾತ್ರಿ ಅಂಥ ಬಹುಮಾನ ಕೈಗೆ ಬಂದರೆ ಹತ್ತೊಂಬತ್ತು ವರ್ಷದ ಹುಡುಗ ಅದನ್ನು ಹೇಗೆ ಹಿಡಿದುಕೊಳ್ಳಬೇಕು? ಇವರು ಸೋಲಿನ ಸಾಲಿನಲ್ಲಿ ನಿಂತ ರೀತಿ ನೋಡಿದ ಮೇಲೆ, ಕೊನೆಗೆ ಕೈಚೆಲ್ಲೋ ತಂಡ ಅನ್ನೋ ಮಾತನ್ನು ನಾನು ಇನ್ನು ಆಡೋದಿಲ್ಲ. ಗೆಲ್ಲಬೇಕಾದ ಭಾರವನ್ನು ಮೈದಾನದಲ್ಲಿ ಹೊತ್ತು, ಸೋತ ಮೇಲೂ ಎಲ್ಲರೆದುರು ಹೊತ್ತು ನಿಲ್ಲೋದು ಅಂದರೆ ಅದು ಸಣ್ಣ ಕೆಲಸ ಅಲ್ಲ.

ಹೊರಗೆ ಬಂದಾಗ ಟ್ರಾಮ್ ನಿಲ್ದಾಣದಲ್ಲಿ ಹಳೇ ಶಾಲಿನವರು ಸಿಕ್ಕಿದರು. ಗುರುತು ಹಿಡಿದು ಕೈ ಕುಲುಕಿದರು. ಬೇಜಾರಾಯ್ತಾ ಅಂತ ಕೇಳಿದ್ದಕ್ಕೆ, ಆಯ್ತು ಅಂದರು, ಮುಚ್ಚಿಡಲಿಲ್ಲ. ಆಮೇಲೆ ಬೆರಳು ಮಡಚಿ ಲೆಕ್ಕ ಶುರು ಮಾಡಿದರು. ಹೇವೆಲಿಡ್ ಅವಳಿಗಳು 2004ರಲ್ಲಿ ಹುಟ್ಟಿದವರು, ಅವರ ಜೂನಿಯರ್ ಕಾಲ ಮುಗೀತು. ಲೆಕ್ಕೆರಿಮಾಕಿಯದ್ದೂ ಮುಗೀತು. ಸಾಂಡಿನ್ ಪೆಲಿಕ್ಕಾ 2005, ಸ್ಟೆನ್‌ಬರ್ಗ್ 2005. ಇಬ್ಬರೂ ಮುಂದಿನ ಸಲ ಕೆನಡಾದ ಒಟ್ಟಾವಾಗೆ ಹೋಗಬಹುದು. ಗೋಲಿ ಯಾರು ಅನ್ನೋದೇ ಪ್ರಶ್ನೆ ಅಂತ ಅವರು, ಹದಿನೆಂಟರ ಒಳಗಿನವರ ತಂಡದಲ್ಲಿ ಯಾರಿದ್ದಾರೆ ಅಂತ ಅಕ್ಕನ ಮಗ. ಟ್ರಾಮ್ ಬಂತು. ಮಾತು ಮುಗಿದಿರಲಿಲ್ಲ, ಮೂವರೂ ಅದರಲ್ಲೇ ಹತ್ತಿದೆವು.